ಎಂಜಿನ್ನಿನ ಮಿಸ್ಸಿಂಗೂ ಆಮ್ಲಜನಕದ ಸೆನ್ಸರೂ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಮಳೆ ಕಡಮೆಯಾದ ಶೇಂಗಾ ಸೀಮೆಗಳು. ಮೂಟೆಗಳನ್ನು ಚಳ್ಳಕೆರೆಯ ಮಾರುಕಟ್ಟೆಗೂ ಎಣ್ಣೆ ಗಿರಣಿಗಳಿಗೂ ಸಾಗಿಸಲು ಟ್ರ್ಯಾಕ್ಟರುಗಳಲ್ಲದೆ ಪೆಟ್ರೋಲಿನಿಂದ ನಡೆಯುವ ಸಣ್ಣ ಸರಕು ವಾಹನಗಳೂ ಬಳಕೆಯಲ್ಲಿವೆ. ಇಂಥ ವಾಹನವು ಇದ್ದಕ್ಕಿದ್ದಂತೆ ನಡುಗುತ್ತ, ಎಳೆಯಲಾರದೆ, ಪೆಟ್ರೋಲನ್ನು ಮಾತ್ರ ಹೆಚ್ಚಾಗಿ ಕುಡಿಯತೊಡಗಿದರೆ ಅದರ ಕಾರಣವನ್ನು ಒಡೆಯರು ತಿಳಿದಿರುವುದು ಅವಶ್ಯಕ.

2020ನೇ ಇಸವಿ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದಂತೆ ತಯಾರಾದ ಪೆಟ್ರೋಲ್ ವಾಹನಗಳ ಹೊಗೆಕೊಳವೆಯಲ್ಲಿ ಆಮ್ಲಜನಕದ ಸೆನ್ಸರ್ ಇರುತ್ತದೆ. ಶುದ್ಧ ಪೆಟ್ರೋಲಿನ ಒಂದು ತೂಕ ಪೂರ್ಣವಾಗಿ ಉರಿಯಲು ಸುಮಾರು 14.7 ತೂಕದ ಗಾಳಿ ಬೇಕು. ಹೊಗೆಯಲ್ಲಿ ಆಮ್ಲಜನಕವು ಮಿಕ್ಕಿದ್ದರೆ ಸಾಮಾನ್ಯ ಜಾತಿಯ ಸೆನ್ಸರ್ ಸುಮಾರು 0.1 ವೋಲ್ಟನ್ನೂ, ಮಿಗದಿದ್ದರೆ ಸುಮಾರು 0.9 ವೋಲ್ಟನ್ನೂ ತೋರಿಸುತ್ತದೆ. ಇದನ್ನನುಸರಿಸಿ ಎಂಜಿನ್ನಿನ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ.

ಸಿಲಿಂಡರಿನೊಳಗಣ ಮಿಶ್ರಣಕ್ಕೆ ಕಿಡಿ ತಗುಲದೆ ಅದು ಉರಿಯದೆಯೇ ಹೊರಬೀಳುವುದನ್ನು ಮೆಕ್ಯಾನಿಕರು ಮಿಸ್ಸಿಂಗ್ ಎನ್ನುವರು. ಆಗ ಪೆಟ್ರೋಲೂ ಗಾಳಿಯೂ ಹಾಗೆಯೇ ಹೊಗೆಕೊಳವೆಗೆ ಹೋಗುತ್ತವೆ. ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕವಿರುವುದರಿಂದ, ನಾಲ್ಕು ಸಿಲಿಂಡರುಗಳಲ್ಲಿ ಒಂದು ಸಂಪೂರ್ಣವಾಗಿ ಕೆಟ್ಟರೆ ಹೊಗೆಯಲ್ಲಿ ನೂರಕ್ಕೆ ಸುಮಾರು 5 ಪಾಲು ಆಮ್ಲಜನಕ ಸೇರುತ್ತದೆ. ಸೆನ್ಸರ್ ಈ ಆಮ್ಲಜನಕವನ್ನು ಕಾಣುತ್ತದೆಯೇ ಹೊರತು ಉರಿಯದ ಪೆಟ್ರೋಲನ್ನು ಅಳೆಯಲಾರದು. ಆದಕಾರಣ ಪೆಟ್ರೋಲು ಸಾಲದೆಂದು ಬಗೆದು ಕಂಪ್ಯೂಟರು ಎಲ್ಲ ಸಿಲಿಂಡರುಗಳಿಗೂ ಅದನ್ನು ಹೆಚ್ಚಿಸುತ್ತದೆ. ನಾಲ್ಕು ಒಲೆಗಳಲ್ಲಿ ಒಂದಕ್ಕೆ ಬೆಂಕಿಯೇ ತಗುಲದಿರಲು, ಸೌದೆ ಸಾಲದೆಂದು ನಾಲ್ಕಕ್ಕೂ ಸೌದೆ ಒಟ್ಟಿದಂತಾಯಿತು. ಸರಿಯಾಗಿದ್ದ ಮೂರು ಸಿಲಿಂಡರುಗಳಲ್ಲಿಯೂ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಕೆಲವು ವಾಹನಗಳ ಕಂಪ್ಯೂಟರು ದೋಷವನ್ನು ತಾನೇ ಗುರುತಿಸಿ ಆ ಸಿಲಿಂಡರಿಗೆ ಪೆಟ್ರೋಲನ್ನು ನಿಲ್ಲಿಸುವುದುಂಟು, ಎಲ್ಲವೂ ಹಾಗಲ್ಲ.

ಇಂಥ ಸಂದರ್ಭದಲ್ಲಿ ಸೆನ್ಸರನ್ನೇ ಮೊದಲು ಬದಲಾಯಿಸುವುದು ವ್ಯರ್ಥ ಖರ್ಚು. ಸೆನ್ಸರ್ ಸುಳ್ಳು ಹೇಳಿಲ್ಲ. ಇದ್ದ ಆಮ್ಲಜನಕವನ್ನೇ ಹೇಳಿದೆ. ಸ್ಕ್ಯಾನರಿನಲ್ಲಿ ಮಿಸ್ಸಿಂಗನ್ನು ಸೂಚಿಸುವ ಪಿ 0300ರಿಂದ ಮೊದಲಾಗುವ ಸಂಖ್ಯೆಗಳೂ ಪೆಟ್ರೋಲು ಸಾಲದೆನ್ನುವ ಪಿ 0171 ಸಂಖ್ಯೆಯೂ ಒಟ್ಟಿಗೆ ಕಂಡರೆ, ಪರೀಕ್ಷೆಯನ್ನು ಈ ಕ್ರಮದಲ್ಲಿ ನಡೆಸತಕ್ಕದ್ದು:

1. ಪ್ಲಗ್ಗುಗಳನ್ನು ಬಿಚ್ಚಿ ನೋಡಬೇಕು. ಸಿಲಿಂಡರಿಗೊಂದು ಕಾಯಿಲ್ ಇರುವ ಎಂಜಿನ್ನಿನಲ್ಲಿ ಕೆಟ್ಟ ಸಿಲಿಂಡರಿನ ಕಾಯಿಲನ್ನು ಬೇರೊಂದಕ್ಕೆ ಹಾಕಬೇಕು. ದೋಷವೂ ಅಲ್ಲಿಗೇ ಹೋದರೆ ಕಾಯಿಲೇ ಕೆಟ್ಟಿದೆಯೆಂದರ್ಥ.

2. ದೋಷವು ಇದ್ದಲ್ಲಿಯೇ ಉಳಿದರೆ ಇಂಜೆಕ್ಟರನ್ನೂ ವಾಲ್ವುಗಳನ್ನೂ ಕಂಪ್ರೆಷನ್ನನ್ನೂ ಪರೀಕ್ಷಿಸಬೇಕು.

3. ಎಂಜಿನ್ ನಿಧಾನವಾಗಿ ತಿರುಗುವಾಗ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚಿಸಿ, ವೇಗ ಏರಿದಾಗ ಆ ಹೆಚ್ಚಳ ತಗ್ಗಿದರೆ, ಗಾಳಿಯ ಕೊಳವೆಯಲ್ಲಿ ಬಿರುಕನ್ನು ಹುಡುಕಬೇಕು. ಇಲ್ಲಿ ಪೆಟ್ರೋಲಿನ ಕೊರತೆ ನಿಜವಾದುದು. ಅದರಿಂದಲೇ ಮಿಸ್ಸಿಂಗ್ ಹುಟ್ಟಿರಬಹುದು.

4. ಸೆನ್ಸರಿಗಿಂತ ಮುಂಚೆ ಹೊಗೆಕೊಳವೆ ಸೀಳಿದ್ದರೂ ಹೊರಗಾಳಿ ಸೇರಿ ಇದೇ ತಪ್ಪು ಲೆಕ್ಕ ಬರುವುದು.

ರಿಪೇರಿಯಾದ ಬಳಿಕ ಕಂಪ್ಯೂಟರು ಕಲಿತಿಟ್ಟುಕೊಂಡಿದ್ದ ಹಳೆಯ ಲೆಕ್ಕವನ್ನು ಸ್ಕ್ಯಾನರಿನಿಂದ ಅಳಿಸತಕ್ಕದ್ದು.

ಮುಖ್ಯವಾದ ಎಚ್ಚರಿಕೆಯೊಂದುಂಟು. ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ವಿಪರೀತ ಕಾಯಿಸುತ್ತದೆ. ಎಂಜಿನ್ ದೀಪವು ಮಿನುಗತೊಡಗಿದರೆ ಈ ಅಪಾಯ ಸಮೀಪಿಸಿದೆಯೆಂದು ಭಾವಿಸಿ, ಭಾರ ಹೊತ್ತು ಓಡಿಸುವುದನ್ನು ನಿಲ್ಲಿಸತಕ್ಕದ್ದು. ಅಂಥ ವಾಹನವನ್ನು ಕಣದಲ್ಲಿಯಾಗಲಿ, ಒಣ ಶೇಂಗಾ ಹೊಟ್ಟಿನ ಮೇಲಾಗಲಿ ನಿಲ್ಲಿಸಿದರೆ ಬೆಂಕಿ ಹತ್ತಬಹುದು. ವರ್ಷದ ಮೇವು ಒಂದು ಗಳಿಗೆಯಲ್ಲಿ ಹೋದೀತು.

ಡೀಸೆಲ್ ಟ್ರ್ಯಾಕ್ಟರುಗಳಿಗೂ ಡೀಸೆಲ್ ಪಂಪುಗಳಿಗೂ ಸ್ಪಾರ್ಕ್ ಪ್ಲಗ್ ಇಲ್ಲದ್ದರಿಂದ ಮೇಲಣ ಕ್ರಮವು ಅವುಗಳಿಗೆ ಅನ್ವಯಿಸದು. ಪೆಟ್ರೋಲ್ ವಾಹನವುಳ್ಳವರು ಸುಗ್ಗಿಗೆ ಮುಂಚೆಯೇ ಪ್ಲಗ್ಗುಗಳನ್ನು ಪರೀಕ್ಷಿಸಿ, ಗಾಳಿಯ ಫಿಲ್ಟರಿನ ಧೂಳನ್ನು ತೆಗೆಸುವುದು ಲಾಭಕರ. ಗ್ರಾಮದ ಮುಖಂಡರು ಈ ಸಂಗತಿಯನ್ನು ವಾಹನ ನಡೆಸುವವರಿಗೆ ತಿಳಿಯಹೇಳುವುದು ಯುಕ್ತ.