ಬಾಡಿಗೆ ಕಾರು, ಬಿ.ಎಚ್. ರಸ್ತೆ: ದೂರ ಹೊರಟವರಿಗೆ ಒಂಬತ್ತು ಸೂತ್ರ

ತುಮಕೂರು, ತಿಪಟೂರು, ಅರಸೀಕೆರೆ, ಭದ್ರಾವತಿ, ಶಿವಮೊಗ್ಗ. ಯಾವ ಊರಿಗೆ ಹೋದರೂ ಅಲ್ಲೊಂದು ಬಿ.ಎಚ್. ರಸ್ತೆ ಇದ್ದೇ ಇರುತ್ತದೆ. ಎಲ್ಲವೂ ಒಂದೇ ರಸ್ತೆಯ ತುಂಡುಗಳು: ಬೆಂಗಳೂರು–ಹೊನ್ನಾವರ. ಅದೇ ದಾರಿ ಹಿಡಿದು ಸಮುದ್ರ ಮುಟ್ಟಿ, ಕರಾವಳಿಗುಂಟ ಉಡುಪಿಗೆ ಬಂದು, ಆಗುಂಬೆ ಹತ್ತಿ, ತೀರ್ಥಹಳ್ಳಿ ಮೇಲೆ ವಾಪಸಾದರೆ ಸುಮಾರು ಸಾವಿರ ಕಿಲೋಮೀಟರ್. ಸೆಲ್ಫ್ ಡ್ರೈವ್ ಕಾರಿಗೆ ಇದಕ್ಕಿಂತ ಒಳ್ಳೆಯ ಸುತ್ತು ನಮ್ಮ ರಾಜ್ಯದಲ್ಲಿ ಇಲ್ಲವೆಂದೇ ನನ್ನ ವಾದ. ಆದರೆ ಸ್ವಂತ ಕಾರಿನ ಲೆಕ್ಕ ಬೇರೆ, ಬಾಡಿಗೆ ಕಾರಿನ ಲೆಕ್ಕ ಬೇರೆ.

1. ಮೊದಲು ಬೋರ್ಡಿನ ಬಣ್ಣ ನೋಡಿ

ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಬೋರ್ಡು, ಅದರ ಮೇಲೆ ಹಳದಿ ಅಕ್ಷರ ಇರಬೇಕು. ‘ಸ್ನೇಹಿತರ ವೈಟ್ ಬೋರ್ಡ್ ಇದೆ, ಅರ್ಧ ದುಡ್ಡಿಗೆ ಕೊಡಿಸ್ತೀನಿ’ ಎನ್ನುವವರಿಗೆ ಕೈ ಮುಗಿದು ಮುಂದೆ ಹೋಗಿ. ಖಾಸಗಿ ನೋಂದಣಿಯ ಗಾಡಿಯನ್ನು ಬಾಡಿಗೆಗೆ ಬಿಡುವಂತಿಲ್ಲ. ಆರ್‌ಟಿಒ ತಡೆದರೆ ಪಯಣ ಅಲ್ಲಿಗೇ ಮುಗಿಯುತ್ತದೆ. ಅಪಘಾತವಾದರೆ ವಿಮೆ ಕಂಪನಿ ಕೇಳುವ ಮೊದಲ ಪ್ರಶ್ನೆಯೂ ಅದೇ. ಆರ್‌ಸಿ, ವಿಮೆ, ಪರ್ಮಿಟ್, ಎಮಿಷನ್ ಸರ್ಟಿಫಿಕೇಟ್ ನಾಲ್ಕರ ದಿನಾಂಕವನ್ನೂ ನೋಡಿಕೊಳ್ಳಿ. ರಾಜ್ಯ ದಾಟುವ ಯೋಚನೆ ಇದ್ದರೆ ಪರ್ಮಿಟ್ಟಿನ ಮಾತು ಬುಕ್ ಮಾಡುವ ಮೊದಲೇ ಆಗಿರಲಿ.

2. ಕೀ ಜೇಬಿಗಿಳಿಯುವ ಮುನ್ನ ವಿಡಿಯೊ

ಗಾಡಿ ತಂದುಕೊಡುವ ಹುಡುಗನಿಗೆ ಯಾವಾಗಲೂ ಅವಸರ. ನಿಮಗೆ ಬೇಡ. ಹಗಲಲ್ಲೇ ಕಾರು ತೆಗೆದುಕೊಳ್ಳಿ. ಬೇಸ್‌ಮೆಂಟಿನ ಟ್ಯೂಬ್‌ಲೈಟಿನಲ್ಲಿ ಗೀರು ಕಾಣುವುದಿಲ್ಲ. ಮೊಬೈಲ್ ಹಿಡಿದು ಒಂದು ಸುತ್ತು ನಿಧಾನಕ್ಕೆ ಬನ್ನಿ. ಬಾಗಿಲು, ಬಾನೆಟ್ಟುಗಳನ್ನು ಎಲ್ಲರೂ ನೋಡುತ್ತಾರೆ. ಆಮೇಲೆ ದುಡ್ಡು ಕೀಳುವುದು ಬಂಪರಿನ ಕೆಳಭಾಗ, ಚಕ್ರದ ರಿಮ್ಮು, ಮುಂದಿನ ಗಾಜಿನ ಮೇಲಿನ ಚಿಕ್ಕ ಚುಕ್ಕೆ. ಕೊನೆಗೆ ಮೀಟರ್ ಬೋರ್ಡಿನ ಕಿಲೋಮೀಟರ್ ಮತ್ತು ಪೆಟ್ರೋಲಿನ ಮುಳ್ಳು ಒಂದೇ ಫ್ರೇಮಿನಲ್ಲಿ ಬರಲಿ.

ಟೈರಿನ ಹತ್ತಿರ ಕೂರಿ. ಪಕ್ಕದ ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದ ಟೈರು ಎಂದರ್ಥ. ಗುಂಡಿಗಳು ಆಳವಾಗಿಯೇ ಇರಬಹುದು, ರಬ್ಬರು ಮಾತ್ರ ಮುದಿಯಾಗಿರುತ್ತದೆ. ಘಟ್ಟದ ಮಳೆಗೆ ಅದು ಬೇಡ, ಬೇರೆ ಕಾರು ಕೇಳಿ. ಪಕ್ಕದ ಗೋಡೆ ಎಲ್ಲಾದರೂ ಉಬ್ಬಿದ್ದರಂತೂ ಮಾತೇ ಬೇಡ. ಡಿಕ್ಕಿ ತೆಗೆಸಿ ಸ್ಟೆಪ್ನಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಜಾಕ್ ಮತ್ತು ವೀಲ್ ಸ್ಪ್ಯಾನರ್ ಎರಡನ್ನೂ ಕಣ್ಣಾರೆ ಕಾಣಿ. ಸಿಎನ್‌ಜಿ ಕಾರಾದರೆ ಡಿಕ್ಕಿಯ ಮುಕ್ಕಾಲು ಭಾಗ ಸಿಲಿಂಡರಿನದೇ ಆಗಿರಬಹುದು, ನಿಮ್ಮ ಸೂಟ್‌ಕೇಸ್ ಮಡಿಲಲ್ಲಿ ಕೂರುತ್ತದೆ.

3. ಟೋಲಿನ ಲೆಕ್ಕ ಮೊದಲೇ ತೀರಲಿ

ಫಾಸ್ಟ್ಯಾಗಿನಲ್ಲಿ ಎಷ್ಟಿದೆ, ತುಂಬುವವರು ಯಾರು, ಕೇಳಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಟ್ಯಾಗ್ ಕೆಲಸ ಮಾಡದಿದ್ದರೆ ನಗದಿಗೆ ಎರಡು ಪಟ್ಟು, ಯುಪಿಐಗೆ ಒಂದೂಕಾಲು ಪಟ್ಟು. 2025ರ ನವೆಂಬರಿನಿಂದ ನಿಯಮ ಹೀಗಿದೆ.

4. ಐದಕ್ಕೆ ಗೊರಗುಂಟೆಪಾಳ್ಯ ದಾಟಿ

ಹಿಂದಿನ ಸಂಜೆಯೇ ಕಾರು ಮನೆ ಮುಂದಿರಲಿ. ಅರ್ಧ ದಿನದ ಬಾಡಿಗೆ ಹೆಚ್ಚಾದರೆ ಆಗಲಿ. ಶುಕ್ರವಾರ ರಾತ್ರಿ ಆಫೀಸು ಮುಗಿಸಿ ಹೊರಟರೆ ಪೀಣ್ಯ ಫ್ಲೈಓವರ್, ನೆಲಮಂಗಲ ದಾಟುವಷ್ಟರಲ್ಲೇ ಮನಸ್ಸು ಸುಸ್ತಾಗಿರುತ್ತದೆ. ಬೆಳಿಗ್ಗೆ ಹೊರಟವರಿಗೆ ಕ್ಯಾತ್ಸಂದ್ರದಲ್ಲಿ ಬಿಸಿ ತಟ್ಟೆ ಇಡ್ಲಿ ಸಿಗುತ್ತದೆ.

5. ಬಾಡಿಗೆ ‘ವಸೂಲಿ’ಗೆ ಇಳಿಯಬೇಡಿ

ಬಾಡಿಗೆ ಕಾರಿನ ಪ್ರವಾಸ ಹಾಳಾಗುವುದು ಹೆಚ್ಚಾಗಿ ಇಲ್ಲೇ. ದಿನಕ್ಕೆ ಇಷ್ಟು ಸಾವಿರ ಕೊಟ್ಟಿದ್ದೇವೆ, ಆದ್ದರಿಂದ ಇಷ್ಟು ಊರು ನೋಡಲೇಬೇಕು ಎಂಬ ಹಟ. ಕಾರಿಗೆ ಕೊಟ್ಟ ದುಡ್ಡು ಕಿಲೋಮೀಟರಿನಲ್ಲಿ ಮರಳಿ ಬರುವುದಿಲ್ಲ, ಬೆನ್ನುನೋವಿನಲ್ಲಿ ಬರುತ್ತದೆ.

ಮೊದಲ ದಿನ ಶಿವಮೊಗ್ಗದಲ್ಲೇ ತಂಗಿ. ಮುನ್ನೂರು ಕಿ.ಮೀ. ಸಾಕು. ಉಳಿದ ಹೊತ್ತಿನಲ್ಲಿ ಅರಸೀಕೆರೆಯ ಈಶ್ವರ ದೇವಾಲಯಕ್ಕೆ ಇಳಿಯಬಹುದು. ನಕ್ಷತ್ರಾಕಾರದ ಅದರ ಮುಂಮಂಟಪದಂಥದ್ದು ಹೊಯ್ಸಳರಲ್ಲೂ ಅಪರೂಪ. ಕಡೂರು, ಬೀರೂರು ಕಳೆದು ತರೀಕೆರೆ ಬಂದಾಗ ಅಮೃತಾಪುರಕ್ಕೆ ತಿರುಗಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಮಂಟಪದ ಹೊರಗೋಡೆಯಲ್ಲಿ ರಾಮಾಯಣ, ಭಾರತದ ಕಥೆಗಳು ಸಾಲಾಗಿ ಕೂತಿವೆ. ಜನ್ನ ಕವಿಯ ಪದ್ಯಗಳಿರುವ ಶಾಸನವೂ ಇಲ್ಲೇ ಇದೆ. ಬೇಲೂರು, ಹಳೇಬೀಡಿನ ನೂಕುನುಗ್ಗಲು ಇಲ್ಲಿಲ್ಲ. ಬಸ್ಸಿನವನು ನಿಮಗಾಗಿ ಇಲ್ಲಿಗೆ ತಿರುಗಿಸುವುದಿಲ್ಲ. ಕಾರು ಬಾಡಿಗೆಗೆ ಹಿಡಿದದ್ದೇ ಇಂಥ ತಿರುವಿಗಾಗಿ.

ಎರಡನೆಯ ದಿನ ಸಾಗರ, ಇಕ್ಕೇರಿ, ಜೋಗ. ಲಿಂಗನಮಕ್ಕಿಯ ಆಣೆಕಟ್ಟು 1964ರಲ್ಲಿ ಬಂದ ಮೇಲೆ 253 ಮೀಟರಿನ ಜಲಪಾತ ಮಳೆಯನ್ನು ನಂಬಿಕೊಂಡಿದೆ. ಏಪ್ರಿಲಿನಲ್ಲಿ ಹೋದವರು ಬಂಡೆ ನೋಡಿ ಬರಬೇಕಾಗುತ್ತದೆ. ನೀರಿಲ್ಲದ ಕಾಲವಾದರೆ ಜೋಗ ಬಿಟ್ಟು ಸಾಗರದಿಂದಲೇ ಸಿಗಂದೂರಿನ ಕಡೆ ತಿರುಗಿ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದಿದೆ. ಹಿಂದೆ ಅಲ್ಲಿ ಕಾರನ್ನು ಲಾಂಚಿಗೆ ಹತ್ತಿಸಲು ಸರದಿ ಕಾಯಬೇಕಿತ್ತು, ಈಗ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಮೇಲೆ ಹಾಯಾಗಿ ದಾಟಿ ಕೊಲ್ಲೂರಿಗೆ ಇಳಿಯಬಹುದು. ಲಾಂಚಿನ ಮಜಾ ಹೋಯಿತೆಂದು ಕೊರಗುವ ಪ್ರವಾಸಿಗರಿದ್ದಾರೆ. ಆಸ್ಪತ್ರೆಗೂ ಅದೇ ಲಾಂಚನ್ನು ಕಾಯುತ್ತಿದ್ದ ಆಚೆದಡದವರ ಮುಂದೆ ಆ ಮಾತು ಆಡದಿರುವುದು ಕ್ಷೇಮ.

6. ಘಟ್ಟದಲ್ಲಿ ಗೇರು ನಂಬಿ, ಬ್ರೇಕನ್ನಲ್ಲ

ಜೋಗದಿಂದ ಹೊನ್ನಾವರಕ್ಕೆ ಗೇರುಸೊಪ್ಪೆ ಘಟ್ಟ ಇಳಿಯಬೇಕು, ವಾಪಸು ಬರುವಾಗ ಆಗುಂಬೆಯ 14 ಹೇರ್‌ಪಿನ್ ತಿರುವು ಹತ್ತಬೇಕು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೇ ಡ್ರೈವರುಗಳ ಲೆಕ್ಕ ಇಂದಿಗೂ ಸರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿದಿರೋ, ಇಡೀ ಭಾರ ಬ್ರೇಕಿನ ಮೇಲೆ ಬಿತ್ತು. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಚಕ್ರ ತಣ್ಣಗಾಗಲು ಬಿಡಿ, ನೀರು ಸುರಿಯಬೇಡಿ. ಆಟೊಮ್ಯಾಟಿಕ್ ಕಾರಾದರೆ ‘ಎಲ್’ ಅಥವಾ ಮ್ಯಾನ್ಯುಯಲ್ ಮೋಡ್ ಎಲ್ಲಿದೆಯೆಂದು ಬೆಂಗಳೂರಿನಲ್ಲೇ ಕಲಿತಿರಿ. ಕಡಿದಾದ ಕಿರಿದಾರಿಯಲ್ಲಿ ಎದುರು ಹತ್ತಿ ಬರುವ ಗಾಡಿಗೇ ಮೊದಲ ದಾರಿ.

ಮಂಜು ಕವಿದಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವ ಚಟ ನಮ್ಮಲ್ಲಿ ಹೆಚ್ಚಿದೆ. ನೀವು ನಿಂತಿದ್ದೀರೋ, ತಿರುಗುತ್ತೀರೋ ಹಿಂದಿನವನಿಗೆ ತಿಳಿಯುವುದಿಲ್ಲ. ಲೋ ಬೀಮ್ ಹಾಕಿ ನಿಧಾನಕ್ಕೆ ಹೋಗಿ, ಅಷ್ಟೇ. ಆಗುಂಬೆಯ ಸೂರ್ಯಾಸ್ತ ನೋಡಲು ತಿರುವಿನಲ್ಲೇ ಕಾರು ನಿಲ್ಲಿಸುವವರಿಗೆ ಸೂರ್ಯ ಕಾಣುತ್ತಾನೆ, ಕೆಳಗಿನಿಂದ ಬರುವ ಬಸ್ಸು ಕಾಣುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಜಿಲ್ಲಾಡಳಿತ ಘಟ್ಟ ಮುಚ್ಚುವುದುಂಟು, ಬೆಳಿಗ್ಗೆ ಹೊರಡುವ ಮುನ್ನ ಸ್ಥಳೀಯ ಸುದ್ದಿ ನೋಡಿ.

7. ಪಂಕ್ಚರಾದರೆ, ಕೆಟ್ಟರೆ

ಕಂಪನಿಯ ಸಹಾಯವಾಣಿಗೆ ಮೊದಲು ಫೋನ್, ಆಮೇಲೆ ಗ್ಯಾರೇಜು. ಕೇಳದೆ ರಿಪೇರಿ ಮಾಡಿಸಿದರೆ ಬಿಲ್ಲು ನಿಮ್ಮ ತಲೆಗೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಪ್ರಾಣಕ್ಕೆ ಬಂದಾಗ 112. ಶರಾವತಿ ಕಣಿವೆಯಲ್ಲಿ ಎಷ್ಟೋ ಕಡೆ ಸಿಗ್ನಲ್ಲೇ ಇರುವುದಿಲ್ಲ, ಮ್ಯಾಪನ್ನು ಸಾಗರದಲ್ಲಿದ್ದಾಗಲೇ ಇಳಿಸಿಕೊಳ್ಳಿ.

8. ಸ್ಟೀರಿಂಗ್ ಹಿಡಿಯುವವರ ಹೆಸರು ಕರಾರಿನಲ್ಲಿರಲಿ

ಭಾವನಿಗೆ ಆಸೆಯಾಯಿತೆಂದು ಮರವಂತೆಯಲ್ಲಿ ಕೀ ಕೊಡಬೇಡಿ. ಕರಾರಿನಲ್ಲಿ ಹೆಸರಿಲ್ಲದವರು ಓಡಿಸುವಾಗ ಗುದ್ದಿದರೆ ಡೆಪಾಸಿಟ್ಟಿಗಷ್ಟೇ ನಿಲ್ಲುವುದಿಲ್ಲ. ಓಡಿಸುವವರಿಬ್ಬರಿದ್ದರೆ ಇಬ್ಬರದೂ ಲೈಸೆನ್ಸ್ ಮೊದಲೇ ಕೊಡಿ. ಮರವಂತೆಯಲ್ಲಿ ಹೇಗೂ ಓಡಿಸುವುದಕ್ಕಿಂತ ಇಳಿದು ಕೂರುವುದೇ ಲಾಭ. ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ. ಸ್ಟೀರಿಂಗ್ ಹಿಡಿದವನಿಗೆ ಎರಡೂ ಇಲ್ಲ.

9. ವಾಪಸು ಕೊಡುವಾಗ

ಕೊನೆಯ ದಿನದ ಲೆಕ್ಕದಲ್ಲಿ ಎರಡು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಭಾನುವಾರ ಸಂಜೆ ನೆಲಮಂಗಲದಲ್ಲಿ ಸಿಕ್ಕಿಬಿದ್ದವರು ತಡದ ದಂಡವನ್ನೂ ಕಟ್ಟುತ್ತಾರೆ, ಅದನ್ನು ತಪ್ಪಿಸಲು ವೇಗ ಏರಿಸಿದರೆ ಜಿಪಿಎಸ್ ನೋಡಿ ಹಾಕುವ ಇನ್ನೊಂದು ದಂಡವನ್ನೂ ಕಟ್ಟುತ್ತಾರೆ. ಮೊದಲಿದ್ದ ಮುಳ್ಳಿನ ಮಟ್ಟಕ್ಕೆ ಪೆಟ್ರೋಲ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಬಂಕಿನಲ್ಲಿ ಟ್ಯಾಂಕು ಯಾವ ಕಡೆ ಎಂದು ತಡಕಾಡಬೇಕಿಲ್ಲ, ಪೆಟ್ರೋಲ್ ಚಿಹ್ನೆಯ ಪಕ್ಕದ ಪುಟ್ಟ ತ್ರಿಕೋನ ತೋರಿಸುತ್ತದೆ. ಮತ್ತೆ ಅದೇ ಸುತ್ತು, ಅದೇ ವಿಡಿಯೊ. ಗಾಡಿ ಸರಿಯಿದೆಯೆಂದು ತೆಗೆದುಕೊಂಡವರಿಂದ ಒಂದು ಸಾಲು ಮೆಸೇಜ್ ಹಾಕಿಸಿಕೊಳ್ಳಿ. ಕ್ಯಾಮೆರಾ ಹಿಡಿದ ಚಲನ್ ವಾರಗಳ ನಂತರ ಬರಬಹುದು, ಡೆಪಾಸಿಟ್ಟಿನಲ್ಲಿ ಮುರಿದುಕೊಂಡರೆ ಚಲನ್ನಿನ ಪ್ರತಿ, ಅದರಲ್ಲಿನ ತಾರೀಕು ಮತ್ತು ಸಮಯ ಕೇಳಿ. ಆ ಹೊತ್ತಿಗೆ ಕಾರು ನಿಮ್ಮ ಕೈಲಿತ್ತೋ, ಮುಂದಿನವರ ಕೈಲಿತ್ತೋ ಆ ಮೆಸೇಜೇ ಹೇಳುತ್ತದೆ.