ಮುಚ್ಚಳದ ಹಿಂದೆ ಯಾರು?

ಎರಡು ವರ್ಷದೊಳಗಿನ ಮಕ್ಕಳು ಪುಸ್ತಕವನ್ನು ಎಳೆಯುತ್ತಾರೆ, ಕಚ್ಚುತ್ತಾರೆ, ಉಗುರಿನಿಂದ ಕೆರೆಯುತ್ತಾರೆ, ತಲೆಕೆಳಗಾಗಿ ಹಿಡಿದು ನಮಗೇ ಪಾಠ ಮಾಡುತ್ತಾರೆ. ಸುಮ್ಮನಿರದ ಆ ಕೈಗಳಿಗೂ ಕೆಲಸ ಕೊಡುವ ಪುಸ್ತಕ ಬೇಕು. ಮಗಳೊಂದಿಗೆ ಪ್ರಾಣಿಗಳ ಪುಸ್ತಕಗಳನ್ನು ಮಗುಚಿ ಹಾಕುತ್ತಾ ನಾನು ಕಲಿತದ್ದು ಅಲ್ಲಿಂದಲೇ ಶುರು.

ನಮ್ಮ ಮನೆಯಲ್ಲಿ ಅತಿ ಹೆಚ್ಚು ನಲುಗಿದ್ದು ರಾಡ್ ಕ್ಯಾಂಪ್‌ಬೆಲ್ 1982ರಲ್ಲಿ ಮಾಡಿದ ‘ಡಿಯರ್ ಝೂ’. ಸಾಕಲು ಒಂದು ಪ್ರಾಣಿ ಕೊಡಿ ಎಂದು ಮೃಗಾಲಯಕ್ಕೆ ಕಾಗದ ಬರೆದರೆ ಅವರು ಆನೆ ಕಳಿಸುತ್ತಾರೆ. ತೀರಾ ದೊಡ್ಡದು, ವಾಪಸ್. ಜಿರಾಫೆ ತೀರಾ ಎತ್ತರ, ಒಂಟೆಗೆ ಸಿಡುಕು, ಕಪ್ಪೆಗೆ ನಿಂತಲ್ಲಿ ನಿಲ್ಲಲಾಗದು. ಕೊನೆಗೆ ಬರುವುದು ನಾಯಿಮರಿ. ಪ್ರತಿ ಪ್ರಾಣಿಯೂ ಎತ್ತಿ ನೋಡುವ ಕಾಗದದ ಮುಚ್ಚಳದ ಹಿಂದೆ ಇರುತ್ತದೆ. ಅದರ ಇಂಗ್ಲಿಷ್ ಸಾಲುಗಳ ಗೊಡವೆಗೆ ನಾನು ಹೋಗಲಿಲ್ಲ. ‘ಅಯ್ಯಯ್ಯೋ, ಈ ಆನೆ ನಮ್ಮನೆ ಬಾಗಿಲಲ್ಲಿ ತೂರುತ್ತಾ?’ ಎಂದರೆ ಅವಳಿಗೆ ಕಥೆ ಅರ್ಥವಾಗುತ್ತಿತ್ತು.

ಮೊದಮೊದಲು ಮುಚ್ಚಳ ಎತ್ತುವುದೇ ಅವಳಿಗೆ ಆಟ. ಕ್ರಮೇಣ ಗಮನಿಸಿದೆ: ಎತ್ತುವುದಕ್ಕಿಂತ ಮುಂಚಿನ ಗಳಿಗೆಯಲ್ಲಿ ಅವಳ ಮುಖ ನೋಡಬೇಕು. ಬೆರಳು ಅಂಚಿನಲ್ಲಿ, ಕಣ್ಣು ನನ್ನ ಮೇಲೆ. ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳೇ ‘ಬುಸ್ಸ್’ ಎನ್ನುತ್ತಿದ್ದಳು. ಹಾವು ಹೊರಬರುವ ಮೊದಲೇ ಸದ್ದು ಬಂದಿರುತ್ತಿತ್ತು. ಅದೇ ಪುಸ್ತಕ ದಿನಾ ಬೇಕೆಂದು ಹಟ ಹಿಡಿಯುವುದೂ ಇದಕ್ಕೇ. ಯಾರಿದ್ದಾರೆಂದು ಮೊದಲೇ ಗೊತ್ತಿದ್ದು, ಅದು ನಿಜವಾಗುವುದನ್ನು ನೋಡುವ ಸುಖ ಅದು.

‘ಇದೇನು? ಇದೇನು?’ ಎಂದು ಪರೀಕ್ಷೆಗಿಳಿದರೆ ಮಗು ಎದ್ದು ಹೋಗುತ್ತದೆ. ಅವಳು ‘ಬೌ ಬೌ’ ಎಂದರೆ ‘ಹೌದು, ಕಂದು ಬಣ್ಣದ ನಾಯಿಮರಿ’ ಎಂದು ಒಂದೆರಡು ಪದ ಸೇರಿಸಿ ಮರಳಿಸಿದರೆ ಸಾಕು. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮಗುವಿಗೆ ಮಾತು ಬಿಟ್ಟುಕೊಟ್ಟು, ಅದರ ಮಾತನ್ನು ಬೆಳೆಸುತ್ತಾ ಓದಲು ಕಲಿತ ತಂದೆತಾಯಂದಿರ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಮುಂದಿದ್ದರು.

ಗುಂಡಿ ಒತ್ತಿದರೆ ಕೂಗುವ ಪುಸ್ತಕವೂ ಉಡುಗೊರೆಯಾಗಿ ಬಂದಿತ್ತು. ಹಸುವೇ ‘ಅಂಬಾ’ ಎಂದುಬಿಟ್ಟ ಮೇಲೆ ನಮ್ಮಿಬ್ಬರಿಗೂ ಹೇಳಲು ಏನೂ ಉಳಿಯುತ್ತಿರಲಿಲ್ಲ. ಅಂಥದನ್ನು ಕೊಳ್ಳುವುದಾದರೆ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ನಾಣ್ಯದಂಥ ಬಟನ್ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಒಳ್ಳೆಯ ಪುಸ್ತಕಕ್ಕೆ ದುಡ್ಡೇ ಬೇಕೆಂದಿಲ್ಲ. 1980ರಲ್ಲಿ ಬಂದ ‘ವೇರ್ಸ್ ಸ್ಪಾಟ್?’ ಎಂಬ ಮುಚ್ಚಳದ ಪುಸ್ತಕ ಹುಟ್ಟಿದ್ದೂ ಒಂದು ಕಾಗದದ ಮಡಿಕೆಯಿಂದಲೇ: ಎರಿಕ್ ಹಿಲ್ ತಯಾರಿಸುತ್ತಿದ್ದ ಜಾಹೀರಾತಿನ ಮಡಿಕೆಯನ್ನು ಎತ್ತಿ ನೋಡಿ ಅವರ ಪುಟ್ಟ ಮಗ ಖುಷಿಪಟ್ಟಿದ್ದ. ನಮ್ಮಲ್ಲಿ ಲಗ್ನಪತ್ರಿಕೆಗಳಿಗೆ ಬರವೇ? ಹಳೆಯ ದಪ್ಪ ಪತ್ರಿಕೆಗಳ ಮೇಲೆ ಅಂಗಳದ ಅಳಿಲು, ಸಂದಿಯ ಎಮ್ಮೆ, ಟ್ಯೂಬ್‌ಲೈಟ್ ಹಿಂದಿನ ಹಲ್ಲಿಯನ್ನು ಬರೆದು, ಮೇಲೊಂದು ಕಾಗದದ ಬಾಗಿಲು ಅಂಟಿಸಿದೆ. ನನ್ನ ಎಮ್ಮೆ ಎಮ್ಮೆಯಂತಿರಲಿಲ್ಲ. ಅವಳು ತಕರಾರು ಮಾಡಲಿಲ್ಲ. ಹಲ್ಲಿಯ ಬಾಗಿಲು ತೆರೆಯುವ ಮೊದಲು ಒಮ್ಮೆ ಗೋಡೆಯನ್ನೂ ನೋಡುತ್ತಿದ್ದಳು. ಚಿತ್ರ ಬರೆಯಲು ಬಾರದವರಿಗೆ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಮುದ್ರಿಸಿ ರಟ್ಟಿಗೆ ಅಂಟಿಸಿದರಾಯಿತು.

ಮುಚ್ಚಳಗಳು ಹರಿಯುತ್ತವೆ. ಆತುರದ ಬೆರಳುಗಳಿಗೆ ಅಂದಾಜು ಸಿಗುವುದು ಹರಿದು ಹರಿದೇ. ಅದಕ್ಕೇ ಈಗ ಯಾವ ಮಗುವಿನ ಹುಟ್ಟುಹಬ್ಬಕ್ಕೆ ಇಂಥ ಪುಸ್ತಕ ಒಯ್ದರೂ ಜೊತೆಗೊಂದು ಸುರುಳಿ ಅಂಟುಪಟ್ಟಿಯನ್ನೂ ಕಟ್ಟಿಕೊಡುತ್ತೇನೆ. ತಾಯಂದಿರು ನಗುತ್ತಾರೆ; ತಿಂಗಳೊಳಗೆ ಫೋನ್ ಮಾಡಿ, ಇನ್ನೊಂದು ಸುರುಳಿ ಎಲ್ಲಿ ಸಿಗುತ್ತದೆಂದು ಕೇಳುತ್ತಾರೆ.