ತಾಂಬೂಲದ ಚೀಲದಲ್ಲಿ ಬರುವ ಸಾಮಾನು

ಹೊಸ ಮನೆಗೆ ಹೋಗಿ ವರ್ಷ ತುಂಬಿಲ್ಲ, ಆಗಲೇ ‘ಜಾಗ ಸಾಲದು, ಇನ್ನೊಂದು ಬೀರು ತರೋಣ’ ಅನ್ನುತ್ತಿದ್ದೀರಿ. ಬೇಡ ಮಕ್ಕಳೇ. ಬೀರು ಬಂದರೆ ಅದನ್ನು ತುಂಬುವ ಸಾಮಾನೂ ಅದರ ಹಿಂದೆಯೇ ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಚದರಡಿಗೆ 7,000 ರೂಪಾಯಿಯಂತೆ ಫ್ಲ್ಯಾಟ್ ಕೊಂಡಿದ್ದೀರಿ ಅಂದುಕೊಳ್ಳೋಣ. ಹತ್ತಡಿ ಉದ್ದ ಎಂಟಡಿ ಅಗಲದ ಕೋಣೆಯಲ್ಲಿ ಟಿ.ವಿ. ಬಂದ ರಟ್ಟಿನ ಡಬ್ಬ, ಕಾಲು ಮುರಿದ ಕುರ್ಚಿ, ಓಡದ ಮಿಕ್ಸಿ ಪೇರಿಸಿಟ್ಟರೆ 5,60,000 ರೂಪಾಯಿಯ ಜಾಗ ಗುಜರಿಗೆ ಹೋಯಿತು. ಬ್ಯಾಂಕಿಗೆ ಬಡ್ಡಿ ಕಟ್ಟುವವರು ಮಾತ್ರ ನೀವು.

ನಮ್ಮಲ್ಲಿ ಸಾಮಾನು ಅಂಗಡಿಯಿಂದಷ್ಟೇ ಬರುವುದಿಲ್ಲ, ತಾಂಬೂಲದ ಚೀಲದಲ್ಲೂ ಬರುತ್ತದೆ. ಗೃಹಪ್ರವೇಶ, ನಾಮಕರಣ, ವರಮಹಾಲಕ್ಷ್ಮಿ ಹಬ್ಬ, ಹೋದಲ್ಲೆಲ್ಲ ಒಂದು ಬ್ಲೌಸ್ ಪೀಸು, ಒಂದು ಸ್ಟೀಲ್ ಬಟ್ಟಲು, ಇಲ್ಲವೇ ಪ್ಲಾಸ್ಟಿಕ್ ಡಬ್ಬಿ. ಆ ಬ್ಲೌಸ್ ಪೀಸನ್ನು ಹೊಲಿಸುವವರು ಅಪರೂಪ. ಬೀರುವಿನಿಂದ ಬೀರುವಿಗೆ ಊರೆಲ್ಲ ಸುತ್ತುತ್ತಿರುತ್ತದೆ. ಕೊಟ್ಟವರಿಗೇ ತಿರುಗಿ ಹೋಗದಿರಲೆಂದು ಮೇಲೆ ಚೀಟಿ ಅಂಟಿಸಿಡುವ ಜಾಣೆಯರೂ ಇದ್ದಾರೆ! ಕೊಟ್ಟಾಗ ಒಲ್ಲೆ ಅನ್ನಲಾಗದು, ನಿಜ. ಆದರೆ ನಿಮ್ಮ ಮನೆಯ ಸಮಾರಂಭದಲ್ಲಿ ಏನು ಕೊಡಬೇಕೆಂಬುದು ನಿಮ್ಮ ಕೈಯಲ್ಲೇ ಇದೆ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಒಂದು ಮೊಳ ಹೂವು ಕೊಡಿ. ಶಾಸ್ತ್ರಕ್ಕೆ ಏನೂ ಕೊರತೆಯಿಲ್ಲ, ಕಾಯಿ ಮರುದಿನವೇ ಚಟ್ನಿಯಾಗುತ್ತದೆ. ನಾಲ್ಕು ಜನ ಹೀಗೆ ಮಾಡಿದರೆ ಐದನೆಯವರಿಗೂ ಧೈರ್ಯ ಬರುತ್ತದೆ.

ಹಳೆಯ ಸೀರೆ ಬಿಡಲು ಮನಸ್ಸಾಗುವುದಿಲ್ಲವೇ? ಉತ್ತರ ಕರ್ನಾಟಕದ ಹೆಂಗಸರು ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಹೊಲಿಯಬಲ್ಲವರಿಗೆ ಸರಿಯಾದ ಕೂಲಿ ಕೊಟ್ಟು ಹೊಲಿಸಿಕೊಳ್ಳಿ. ಉಟ್ಟ ಸೀರೆಯನ್ನೇ ಹೊದ್ದು ಮಲಗಬಹುದು. ಯಾರಿಗಾದರೂ ಕೊಡುವುದಾದರೆ ಗಟ್ಟಿಯಿರುವಾಗಲೇ ಒಗೆದು, ಮಡಿಚಿ ಕೊಡಿ. ಹರಿದದ್ದನ್ನು ಮನೆಗೆಲಸದವರ ಕೈಗಿತ್ತು ಔದಾರ್ಯ ಅಂದುಕೊಳ್ಳುವುದು ನನಗಂತೂ ಸರಿಕಾಣದು.

ಕಾಗದಪತ್ರದ ವಿಷಯ ಇಷ್ಟೇ: ಕ್ರಯಪತ್ರದಂಥ ಮೂಲಪತ್ರಗಳು ಒಂದೇ ಫೈಲಿನಲ್ಲಿರಲಿ. ಡಿ.ಎಲ್., ಆರ್.ಸಿ.ಗಳು ಡಿಜಿಲಾಕರ್‌ನಲ್ಲಿದ್ದರೆ ಅದನ್ನೇ ಒಪ್ಪಿಕೊಳ್ಳಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಜೆರಾಕ್ಸ್ ಕಟ್ಟು ಯಾಕೆ? ಸತ್ತ ಮೊಬೈಲುಗಳನ್ನು ಕಸದ ಗಾಡಿಗೂ ಹಾಕಬೇಡಿ, ಡ್ರಾಯರಿನಲ್ಲೂ ಕೂಡಿಡಬೇಡಿ. ಬ್ಯಾಟರಿ ಉಬ್ಬಿ ಬೆಂಕಿ ಹತ್ತುವುದುಂಟು. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.

ಇನ್ನೊಂದು ಮಾತು, ಇದು ಮುಖ್ಯ. ಮನೆ ಚೊಕ್ಕ ಮಾಡುವ ಹುರುಪಿನಲ್ಲಿ ಅತ್ತೆಯ ಹಿತ್ತಾಳೆ ಹಂಡೆಗೆ, ಮಾವನ ಹಳೆಯ ರೇಡಿಯೊಗೆ ಕೈಹಾಕಬೇಡಿ. ಅವರ ವಸ್ತುವಿನ ಲೆಕ್ಕ ಅವರದು. ಮೊದಲು ನಿಮ್ಮ ಬಟ್ಟೆ, ನಿಮ್ಮ ಚಪ್ಪಲಿ, ನೀವು ಆನ್‌ಲೈನಿನಲ್ಲಿ ತರಿಸಿ ಡಬ್ಬವನ್ನೂ ಬಿಚ್ಚದೆ ಇಟ್ಟದ್ದನ್ನೆಲ್ಲ ಹೊರಗೆ ತೆಗೆಯಿರಿ. ಈ ಭಾನುವಾರವೇ ಶುರುಮಾಡಿ.